ಮೊದಲು ಕಂಡ ಮುಖ

ತುಂಗಭದ್ರೆಯ ದಂಡೆಯ ಮೇಲೆ ಸಮಾಧಾನಪ್ಪನವರ ಆಶ್ರಮ. ಹುಲ್ಲಿನ ಮಾಡು, ಮಣ್ಣಿನ ಗೋಡೆ, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಒಂದು ಶಿಲುಬೆ. ಗುರುಗಳು ಕಾವಿ ಉಡುತ್ತಿದ್ದರು, ಯೇಸುವಿನ ಹೆಸರು ಹೇಳುತ್ತಿದ್ದರು, ಮಾತು ಕಡಿಮೆ ಆಡುತ್ತಿದ್ದರು. ಶಿಷ್ಯರಿಗೆ ಕಷ್ಟವಾಗುತ್ತಿದ್ದದ್ದು ಕೊನೆಯದು.

ಶಿಷ್ಯ ಜಯವಂತನಿಗೆ ಮಾತಿನ ಕೊರತೆ ಇರಲಿಲ್ಲ.

ಅವನ ಹತ್ತಿರ ಬಾಯಿಪಾಠ ಮಾಡಿದ ಒಂದು ಪ್ರಸಂಗವಿತ್ತು, ಅಂದರೆ ಧರ್ಮಬೋಧೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನ ಮೇಲೆ. ಕೊನೆಯ ಉಸಿರಿನಲ್ಲಿ ಒಂದು ಮಾತು ಬೇಡಿಕೊಂಡು, ಸಾಧುಸಂತರೆಲ್ಲರಿಗಿಂತ ಮೊದಲು ಪರಲೋಕಕ್ಕೆ ನಡೆದುಹೋದ ಕಳ್ಳ. ಜಯವಂತ ಪ್ರತಿ ಸಂಜೆ ಹೊಳೆಯ ಕಡೆ ಮುಖ ಮಾಡಿ ಆ ಪ್ರಸಂಗ ಹೇಳುತ್ತಿದ್ದ. ಕೊನೆಯ ಭಾಗಕ್ಕೆ ಬಂದಾಗ ಅವನ ಕಣ್ಣಲ್ಲೇ ನೀರು ಬರುತ್ತಿತ್ತು. ಮೀನುಗಳ ವಿಷಯ ಹೇಳುವುದು ಕಷ್ಟ, ಅವು ಮೊದಲೇ ನೀರಿನಲ್ಲಿದ್ದವು.

"ಅಜ್ಜಾರ, ನನ್ನನ್ನ ಯಾವಾಗ ಕಳಸ್ತೀರಿ?" ಎಂದು ಅವನು ಕೇಳುತ್ತಲೇ ಇದ್ದ.

"ಎಲ್ಲಿಗೆ?"

"ಊರೂರಿಗೆ. ರಕ್ಷಣೆಯ ಸುದ್ದಿ ಹೇಳಾಕ."

"ಏನದು ಸುದ್ದಿ?"

ಜಯವಂತ ಪ್ರಸಂಗ ಶುರು ಮಾಡುತ್ತಿದ್ದ. ಗುರುಗಳು ಎದ್ದು ಹೋಗಿ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು.

ಹೊರಗೆ ಕಳಿಸುವುದಕ್ಕೆ ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಶುಭ ಶುಕ್ರವಾರದಿಂದ ಎಲ್ಲರೂ ಉಪವಾಸ. ಯೇಸು ಸಮಾಧಿಯಿಂದ ಎದ್ದ ಭಾನುವಾರ, ಬೆಳಕು ಹರಿಯುತ್ತಲೇ, ಆ ವರ್ಷ ಹೊರಡಬೇಕಾದ ಶಿಷ್ಯ ಬಾಗಿಲು ದಾಟಿ ಹೋಗಬೇಕು. ಮೊದಲು ಕಂಡ ಮುಖಕ್ಕೆ "ಕ್ರಿಸ್ತನು ಎದ್ದಿದ್ದಾನೆ" ಎಂದು ಹೇಳಬೇಕು. ಮುಖವನ್ನು ಆರಿಸುವ ಹಾಗಿಲ್ಲ. ಹೇಳಿ ಬಂದ ಮೇಲೆ ಗುರುಗಳು ಅವನ ಹೆಗಲಿಗೆ ಊರೂರು ತಿರುಗುವ ಕಂಬಳಿ ಹೊದಿಸುತ್ತಾರೆ, ಗಂಟೆ ಬಾರಿಸುತ್ತಾರೆ, ಎಲ್ಲರೂ ಗಂಜಿ ಕುಡಿಯುತ್ತಾರೆ.

ಗಂಟೆಯ ಜಾಗದಲ್ಲಿ ಈಗ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ಅದನ್ನು ಕಲ್ಲಿನಿಂದ ಬಡಿಯುತ್ತಿದ್ದರು. ಗಂಟೆ ಕಳುವಾಗಿತ್ತು.

ಕದ್ದವನು ಹರಿಗೋಲು ನಡೆಸುತ್ತಿದ್ದ ಹುಲಿಗೆಪ್ಪ. ಹಾಡುಹಗಲೇ, ಮಧ್ಯಾಹ್ನದ ಊಟದ ನಂತರ ಕದ್ದಿದ್ದ. ಕಾವಲಿಗಿದ್ದ ಜಯವಂತ ಆಗ ಗಂಟೆಯ ಕೆಳಗೇ ಮಲಗಿದ್ದ. ಹುಲಿಗೆಪ್ಪ ಅವನನ್ನು ದಾಟಿಕೊಂಡು ಹೋಗಿ ಗಂಟೆ ಬಿಚ್ಚಿ, ಮತ್ತೆ ಅವನನ್ನು ದಾಟಿಕೊಂಡು ಬಂದಿದ್ದ. ಕೋರ್ಟಿನಲ್ಲಿ ಇದನ್ನು ಅವನೇ ಹೇಳಿದ. ನ್ಯಾಯಾಧೀಶರೂ ನಕ್ಕರಂತೆ.

ಹುಲಿಗೆಪ್ಪ ಜೈಲಿಗೆ ಹೋದ. ಜಯವಂತ ಹೊಳೆಯ ಎರಡೂ ದಂಡೆಯಲ್ಲಿ 'ಗಂಟಿ ಜಯವಂತ' ಆದ. ಇಬ್ಬರಲ್ಲಿ ಯಾರ ಶಿಕ್ಷೆ ದೊಡ್ಡದು ಎಂಬ ಬಗ್ಗೆ ಜಯವಂತನಿಗೆ ಸಂಶಯವಿರಲಿಲ್ಲ.

ಆ ವರ್ಷ ಗುರುಗಳು ಬದನೆ ಗಿಡದ ಬುಡದಿಂದಲೇ ಹೇಳಿದರು. "ಈ ಸಲ ನೀ ಹೋಗು."

ಭಾನುವಾರ ಬೆಳಕು ಹರಿಯುವಾಗ ಜಯವಂತ ಮಡಿ ಧೋತರ ಉಟ್ಟು ಬಾಗಿಲು ದಾಟಿದ.

ಬಾಗಿಲ ಎದುರಿನ ಒಗೆಯುವ ಕಲ್ಲಿನ ಮೇಲೆ ಒಬ್ಬ ಕುಳಿತಿದ್ದ. ತಲೆಗೂದಲು ಜೈಲಿನವರ ಹಾಗೆ ಸಣ್ಣಗೆ ಕತ್ತರಿಸಿತ್ತು. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಹುಲಿಗೆಪ್ಪ. ಜಯವಂತನನ್ನು ಕಂಡು ಏಳಲು ಹೋದ.

ಜಯವಂತ ಆಕಾಶ ನೋಡಿದ. ಆಕಾಶ ನೋಡುತ್ತಲೇ ನಡೆದ. ಬೆಳಗಿನ ಆಕಾಶವನ್ನು ಅಷ್ಟು ಭಕ್ತಿಯಿಂದ ಅವನು ಹಿಂದೆಂದೂ ನೋಡಿರಲಿಲ್ಲ.

ಊರಿನ ಮೊದಲ ಮನೆ ನಿವೃತ್ತ ಹೆಡ್ ಮಾಸ್ತರ ಚೆನ್ನವೀರಪ್ಪನವರದು. ಅವರು ಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕುಳಿತಿದ್ದರು.

"ಕ್ರಿಸ್ತನು ಎದ್ದಿದ್ದಾನೆ," ಎಂದ ಜಯವಂತ.

"ಚಲೋ ಆತು," ಎಂದರು ಮಾಸ್ತರರು. "ಉಚ್ಚಾರ ಸ್ವಚ್ಛ ಐತಿ ನಿಂದು. ಯಾರ ಕೈಯಾಗ ಕಲ್ತಿ?"

ಜಯವಂತ ಸಂತೋಷದಿಂದ ಹೊಲದ ದಾರಿ ಹಿಡಿದು ಹಿತ್ತಲ ಬಾಗಿಲಿನಿಂದ ಆಶ್ರಮಕ್ಕೆ ಬಂದ. ಹೊಲದ ದಾರಿ ದೂರ. ಆದರೆ ಅಲ್ಲಿ ಒಗೆಯುವ ಕಲ್ಲು ಇರಲಿಲ್ಲ.

ಎಲ್ಲರೂ ಬಟ್ಟಲು ಹಿಡಿದು ಕುಳಿತಿದ್ದರು. ಗುರುಗಳ ಕೈಯಲ್ಲಿ ಸೌಟು ಇತ್ತು.

"ಹೇಳಿ ಬಂದೆ, ಅಜ್ಜಾರ."

"ಯಾರಿಗೆ?"

"ಚೆನ್ನವೀರಪ್ಪ ಮಾಸ್ತರಗ."

"ಅವರಿಗಿಂತ ಮೊದಲ ಏನೂ ಕಾಣಲಿಲ್ಲ?"

ಜಯವಂತ ಸುಳ್ಳು ಹೇಳುವವನಲ್ಲ. ಹಾಗಾಗಿ ಕಂಡದ್ದರಲ್ಲೇ ಒಂದನ್ನು ಆರಿಸಿಕೊಂಡ.

"ಆಕಾಶ ಕಂಡಿತ್ರಿ."

ಗುರುಗಳು ಸೌಟು ಕೆಳಗಿಟ್ಟರು. ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿದರು. ಚಾಪೆಯ ಮೇಲೆ ಹೋಗಿ ಮಲಗಿ, ಮುಖದ ಮೇಲೆ ಹೊದಿಕೆ ಎಳೆದುಕೊಂಡರು.

"ಅಜ್ಜಾರ, ಗಂಜಿ?" ಎಂದಳು ಅಡುಗೆಯ ಎಸ್ತೇರಮ್ಮ.

"ಬೆಳಗಾದ ಮ್ಯಾಲೆ."

"ಹೊತ್ತು ಮಾರುದ್ದ ಏರೇತಿ."

"ನಿನಗ ಏರೇತಿ. ಈ ಆಶ್ರಮಕ್ಕ ಇನ್ನೂ ಬೆಳಗಾಗಿಲ್ಲ. ಆದಾಗ ಎಬ್ಬಸ್ರಿ."

ಎಸ್ತೇರಮ್ಮ ಜಯವಂತನ ಕಡೆ ತಿರುಗಿದಳು. "ಯಪ್ಪಾ ಗಂಟಿ ಜಯವಂತಾ, ಶುಕ್ರವಾರದಿಂದ ಖಾಲಿ ಹೊಟ್ಟಿ ಇದು. ನೀ ಏನ್ ಮಾಡಿ ಬಂದೀಯೋ ನನಗ ತಿಳೀವಲ್ದು. ಅದನ್ನ ಸರಿ ಮಾಡಿ ಬಾ."

ಜಯವಂತ ಚಾಪೆಯ ಪಕ್ಕ ಕುಳಿತ.

"ಬಾಗಿಲಾಗ ಹುಲಿಗೆಪ್ಪ ಕುಂತಿದ್ದ. ಅಂವ ಕಳ್ಳ ಅದಾನ್ರಿ."

"ಹೌದು," ಎಂದಿತು ಹೊದಿಕೆ.

"ಬದಲಾಗ್ಯಾನೋ ಇಲ್ಲೋ ಗೊತ್ತಿಲ್ಲ."

"ಮಾಸ್ತರರು ಬದಲಾಗ್ಯಾರೇನು?"

"ಅವರು ಮೊದಲ ಒಳ್ಳೆಯವರು."

"ಹಂಗಾರ ಅವರಿಗೆ ಸುದ್ದಿ ಯಾಕ ಹೇಳಿದಿ?"

ಜಯವಂತ ಚಾಪೆಯ ಅಂಚಿನ ಕಡ್ಡಿ ಕೀಳತೊಡಗಿದ.

"ಅಜ್ಜಾರ, ನನಗ ಕಂಬಳಿ ಇಲ್ಲೇನು?"

"ನಿನ್ನ ಕಳ್ಳನ ಪ್ರಸಂಗ ಒಂದಿಷ್ಟು ಹೇಳು," ಎಂದರು ಗುರುಗಳು. "ನಿದ್ದಿ ಬರವಲ್ದು."

ಜಯವಂತ ಎದ್ದು ನಿಂತ. ಅಭ್ಯಾಸದಂತೆ ಹೊಳೆಯ ಕಡೆ, ಅಂದರೆ ಮುಂಬಾಗಿಲ ಕಡೆ, ಮುಖ ಮಾಡಿದ.

"ಪ್ರಿಯ ಸಹೋದರರೇ, ಆ ಕಳ್ಳನನ್ನು ನೋಡಿರಿ. ಊರು ಅವನನ್ನು ಕೈಬಿಟ್ಟಿದೆ. ಅವನಿಗೆ ಒಂದು ಒಳ್ಳೆಯ ಮಾತು ಹೇಳುವವರಿಲ್ಲ. ದೇವರ ಹೆಸರು ಬಲ್ಲವರೇ ಅವನನ್ನು ಕಂಡೂ ಕಾಣದವರಂತೆ…"

ಮೀನುಗಳ ಮುಂದೆ ಎಷ್ಟೋ ಸಂಜೆ ಸಲೀಸಾಗಿ ಹರಿದಿದ್ದ ವಾಕ್ಯ ಅಲ್ಲಿಗೆ ನಿಂತಿತು.

"ಯಾಕ ನಿಂತಿ?" ಎಂದರು ಗುರುಗಳು. "ಮುಂದ ಆ ಕಳ್ಳ ಎಲ್ಲಿಗೆ ಹೋದ?"

ಬಾಗಿಲ ಎದುರಿನ ಕಲ್ಲು ಖಾಲಿ ಇತ್ತು.

"ಹೊಳಿ ಕಡೆ ಹೋಗ್ಯಾನ್ರಿ," ಎಂದ ಜಯವಂತ. ಎಂದವನೇ ಓಡಿದ.

ಬೇಸಿಗೆಯ ಹೊಳೆ. ಉಳಿದ ಕಡೆ ಬಂಡೆ ಎದ್ದಿದ್ದರೂ ಹರಿಗೋಲು ದಾಟುವ ಕಡವಿನ ಮಡುವಿನಲ್ಲಿ ನೀರು ತುಂಬಿರುತ್ತಿತ್ತು. ದಂಡೆಯಲ್ಲಿ ಹೆಂಗಸರು ಬಟ್ಟೆ ಬಡಿಯುತ್ತಿದ್ದರು. ಹರಿಗೋಲು ಆಗಲೇ ನಡುನೀರಿಗೆ ಹೋಗಿತ್ತು. ಹುಲಿಗೆಪ್ಪ ಒಬ್ಬನೇ ಹುಟ್ಟು ಹಾಕುತ್ತಿದ್ದ.

ಜಯವಂತನಿಗೆ ಈಜು ಬರುತ್ತಿರಲಿಲ್ಲ. ಹೊಳೆಗೆ ಅಷ್ಟು ವರ್ಷ ಪ್ರಸಂಗ ಹೇಳಿದ್ದರೂ ಅದರೊಳಗೆ ಮೊಣಕಾಲಿಗಿಂತ ಮೇಲೆ ಇಳಿದವನಲ್ಲ. ಈಗ ಸೊಂಟದವರೆಗೆ ಇಳಿದ.

"ಹುಲಿಗೆಪ್ಪಾ, ನಿಲ್ಲೋ."

ಹುಲಿಗೆಪ್ಪ ತಿರುಗಿ ನೋಡಿದ. ಚೀಲ ಎತ್ತಿ ತೋರಿಸಿದ. "ಯಾಕ್ರಿ ಗಂಟಿ ಸಾಹೇಬ್ರ, ಈ ಸಲ ಏನೂ ಕದ್ದಿಲ್ಲರಿ."

ಹೆಂಗಸರು ನಕ್ಕರು.

ಜಯವಂತ ಪ್ರಸಂಗದ ಮೊದಲ ವಾಕ್ಯಕ್ಕೆ ಬಾಯಿ ತೆರೆದ. ಅದು ಬರಲಿಲ್ಲ. ಎರಡನೆಯದೂ ಬರಲಿಲ್ಲ. ಬಂದದ್ದು ಅವನ ಅವ್ವ ಒಲೆಯ ಮುಂದೆ ಆಡುತ್ತಿದ್ದ ಕನ್ನಡ.

"ಯೇಸು ಎದ್ದಾನೋ ಹುಲಿಗೆಪ್ಪಾ. ಸತ್ತಿದ್ದ, ಎದ್ದಾನ. ನಿನಗ ಹೇಳಬೇಕಿತ್ತು. ಬೆಳಿಗ್ಗೇನ ಹೇಳಬೇಕಿತ್ತು."

"ಎದ್ದರ ನನಗೇನು?"

"ನೀ ಮಾಡಿದ್ದೆಲ್ಲ ಅಂವ ಹೊತ್ಕೊಂಡು ಸಮಾಧಿಗೆ ಹೋದ. ಬರಾಗ ಒಬ್ಬನ ಬಂದಾನ. ಅದೆಲ್ಲ ಅಲ್ಲೇ ಬಿಟ್ಟು ಬಂದಾನ. ನೀ ಅದನ್ನ ಇನ್ನ ಹುಡುಕಬ್ಯಾಡ."

ಹುಲಿಗೆಪ್ಪನ ಹುಟ್ಟು ನಿಂತಿತು. ಹರಿಗೋಲು ಇದ್ದಲ್ಲೇ ಒಂದು ಸುತ್ತು ತಿರುಗಿತು.

"ಗಂಟಿ ಕದ್ದದ್ದೂ?"

"ಅದೂ."

"ಅಂವ ಬಿಟ್ಟ. ನೀ ಬಿಟ್ಟೀಯೇನು?"

ಬಟ್ಟೆ ಬಡಿಯುವ ಸಪ್ಪಳ ನಿಂತಿತು. ಜಯವಂತ ಒಂದು ಹೆಜ್ಜೆ ಮುಂದೆ ಬಂದ. ನೀರು ಎದೆಗೆ ಬಂತು.

"ಬಿಟ್ಟೆ," ಎಂದ ನೀರಿನ ಕಡೆ ನೋಡುತ್ತ.

"ಕೇಳಲಿಲ್ಲ."

"ಬಿಟ್ಟೆ."

"ನನಗ ಕೇಳ್ತು. ಆ ದಂಡಿಯವರಿಗೆ ಕೇಳಲಿಲ್ಲ. ನಾ ಕೋರ್ಟಿನ್ಯಾಗ ಹೇಳಿದ್ದು ಎರಡೂ ದಂಡಿಗೆ ಕೇಳಿತ್ತು."

ಜಯವಂತ ಎದೆ ತುಂಬ ಉಸಿರು ಎಳೆದುಕೊಂಡ.

"ಬಿಟ್ಟೆನೋ ಹುಲಿಗೆಪ್ಪಾ. ನನ್ನ ದಾಟಿ ಹೋಗಿದ್ದೂ ಬಿಟ್ಟೆ, ದಾಟಿ ಬಂದಿದ್ದೂ ಬಿಟ್ಟೆ. ಊರು ನಕ್ಕಿದ್ದೂ ಬಿಟ್ಟೆ. ತಿರುಗಿ ಬಾ."

ಹೇಳುತ್ತ ಇನ್ನೊಂದು ಹೆಜ್ಜೆ ಮುಂದಿಟ್ಟ. ಅಲ್ಲಿ ನೆಲವಿರಲಿಲ್ಲ.

ಅವನ ಜೀವನದ ಮೊದಲ ಬಹಿರಂಗ ಪ್ರಸಂಗ ಅಲ್ಲಿಗೆ ಮುಗಿಯಿತು.

ಹುಲಿಗೆಪ್ಪ ಹರಿಗೋಲಿನಿಂದ ಜಿಗಿದ. ತಳದಿಂದ ತಲೆಗೂದಲು ಹಿಡಿದು ಎತ್ತಿದ. ಕಂಕುಳಿಗೆ ಕೈ ಹಾಕಿ ಎಳೆದು ತಂದು ತೆಳುನೀರಿನಲ್ಲಿ ಕೂರಿಸಿ ಬೆನ್ನಿಗೆ ಗುದ್ದಿದ. ಜಯವಂತ ನೀರು ಕಾರಿದ.

"ಎದ್ದಾನ ಅಂತ ಹೇಳಾಕ ಬಂದು ನೀ ಮುಳುಗಿದರ ಯಾರು ನಂಬ್ತಾರಪ?" ಎಂದ ಹುಲಿಗೆಪ್ಪ.

ಅವನ ಮುಖ ಒದ್ದೆಯಾಗಿತ್ತು. ಹೊಳೆಯಿಂದ ಬಂದವನ ಮುಖ, ಯಾರೂ ಏನೂ ಕೇಳಲಿಲ್ಲ. ಅವನೂ ಅಲ್ಲೇ ನೀರಿನಲ್ಲಿ ಕುಳಿತ.

"ಜೈಲಿಗೆ ನಿಮ್ಮ ಅಜ್ಜ ಬರತಿದ್ದ," ಎಂದ. "ಹೊರಗ ಬಂದ ಮ್ಯಾಲೆ ಹಬ್ಬದ ದಿನ ಬಾ, ನಿನಗೊಂದು ಸುದ್ದಿ ಐತಿ, ನಮ್ಮ ಜಯವಂತ ಹೇಳ್ತಾನ ಅಂದಿದ್ದ. ನೀನ ಹೇಳಜ್ಜಾ ಅಂದರ ಒಲ್ಲೆ ಅಂದ. ಕತ್ತಲಿರಾಗ ಬಂದು ಕುಂತೆ. ಸುದ್ದಿ ನನ್ನ ಮುಂದನ ಹಾದು ಹೋತು, ಆಕಾಶ ನೋಡಕೋತ."

ಜಯವಂತ ತಲೆ ತಗ್ಗಿಸಿದ.

"ನಿಜ ಎದ್ದಾನಲ್ಲ?" ಎಂದ ಹುಲಿಗೆಪ್ಪ.

"ನಿಜ."

"ಹಂಗಾರ ನಾನೂ ಏಳ್ತೀನಿ."

ಎದ್ದ. ಎದ್ದು ಜಯವಂತನಿಗೆ ಕೈ ಕೊಟ್ಟ. ಈಜಿ ಹೋಗಿ ಹರಿಗೋಲನ್ನು ದಂಡೆಗೆ ಎಳೆದು ತಂದು ಚೀಲ ತೆಗೆದುಕೊಂಡ.

ಇಬ್ಬರೂ ನೀರು ಸುರಿಸುತ್ತ ಆಶ್ರಮದ ಮುಂಬಾಗಿಲು ದಾಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಹಿಂದೆ ಬಟ್ಟೆ ಬಿಟ್ಟು ಬಂದ ಹೆಂಗಸರು. ಗುರುಗಳು ಹೊದಿಕೆಯ ಅಂಚು ಸರಿಸಿದರು.

"ಬೆಳಗಾತೇನು?"

ಹುಲಿಗೆಪ್ಪನಿಗೆ ಹಿಂದಿನ ಮಾತು ಗೊತ್ತಿರಲಿಲ್ಲ. ಅವನು ನೆತ್ತಿಯ ಸೂರ್ಯನನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿದ.

"ಯಾವಾಗೋ ಆಗೇತಿ, ಅಜ್ಜಾ."

ಗುರುಗಳು ಎದ್ದರು.

ಹುಲಿಗೆಪ್ಪ ಚೀಲ ಬಿಚ್ಚಿದ. ಒಳಗೆ ಗಂಟೆಯ ನಾಲಿಗೆ ಇತ್ತು, ಮೊಣಕೈ ಉದ್ದದ ಹಿತ್ತಾಳೆಯ ತುಂಡು.

"ಗಂಟಿ ಹೋತು. ಅದು ಸಿಗಂಗಿಲ್ಲ. ಇದನ್ನ ಮೊದಲ ಬಿಚ್ಚಿ ಸೊಂಟಕ್ಕ ಸಿಗಿಸಿಕೊಂಡಿದ್ದೆ, ಸಪ್ಪಳ ಆಗಬಾರದಂತ. ಮನಿ ಜಂತ್ಯಾಗ ಉಳದಿತ್ತು." ಜಯವಂತನ ಕಡೆ ತಿರುಗಿದ. "ನೀ ಆವತ್ತು ಏಳದ ಇದ್ದದ್ದು ಇದಕ್ಕ. ನಿನ್ನ ತಪ್ಪು ಭಾಳ ಇಲ್ಲ."

"ಬಾರಸು," ಎಂದರು ಗುರುಗಳು.

"ನಾನಽ?"

"ನಿನ್ನ ಕೈಯಾಗ ಐತಲ್ಲ."

ಹುಲಿಗೆಪ್ಪ ರೈಲು ಕಂಬಿಗೆ ಹೊಡೆದ. ಅಷ್ಟು ದಿನ ಕಲ್ಲಿನ ಏಟಿಗೆ ಕೆಮ್ಮುತ್ತಿದ್ದ ಕಂಬಿ ಹಿತ್ತಾಳೆ ತಾಗಿದ ಕೂಡಲೇ ಹಾಡಿತು. ಮತ್ತೆ ಹೊಡೆದ. ಹೊಳೆಯ ಆ ದಂಡೆಯಲ್ಲಿ ದನ ಕಾಯುವವರು ನಿಂತು ನೋಡಿದರು. ಊರಿನಲ್ಲಿ ಚೆನ್ನವೀರಪ್ಪ ಮಾಸ್ತರರು ಹೊರಗೆ ಬಂದು ಏನಾಯಿತು ಎಂದು ಕೇಳಿದರು.

"ಯೇಸು ಎದ್ದಾನಂತ್ರಿ," ಎಂದಳು ದಾರಿಯಲ್ಲಿ ಹೋಗುತ್ತಿದ್ದವಳು. "ಹುಲಿಗೆಪ್ಪ ಬಾರಸಾಕತ್ಯಾನ."

ಬೆಳಿಗ್ಗೆ ಇದೇ ಸುದ್ದಿಯನ್ನು ಸ್ವಚ್ಛ ಉಚ್ಚಾರದಲ್ಲಿ ಕೇಳಿದ್ದ ಮಾಸ್ತರರು ಈಗ ಚಪ್ಪಲಿ ಮೆಟ್ಟಿಕೊಂಡು ಆಶ್ರಮದ ಕಡೆ ನಡೆದರು.

ಜನ ಸೇರುತ್ತಲೇ ಹೋದರು. ಎಸ್ತೇರಮ್ಮ ಗಂಜಿಗೆ ನೀರು ಹಾಕಿದಳು, ಮತ್ತೆ ಹಾಕಿದಳು. ಕೊನೆಗೆ ಅದನ್ನು ಗಂಜಿ ಎನ್ನಲು ನಂಬಿಕೆ ಬೇಕಾಗಿತ್ತು. ಆ ದಿನ ಅಲ್ಲಿ ನಂಬಿಕೆಗೆ ಕೊರತೆ ಇರಲಿಲ್ಲ.

ಗುರುಗಳು ಒಳಗಿನಿಂದ ಕಂಬಳಿ ತಂದರು.

"ನಾ ತಪ್ಪಿದೆ, ಅಜ್ಜಾರ," ಎಂದ ಜಯವಂತ. "ಈ ವರ್ಷ ಅದು ನನ್ನದಲ್ಲ."

"ನನ್ನದಂತೂ ಅಲ್ಲ," ಎಂದ ಹುಲಿಗೆಪ್ಪ. "ನನ್ನ ಮೈಮ್ಯಾಲೆ ಕಂಡರ ಎಸ್ತೇರಮ್ಮ ಒಳಗ ಹೋಗಿ ಉಳಿದ ಸಾಮಾನೂ ನೋಡಿ ಬರ್ತಾಳ."

"ನೋಡೇ ಬಂದೀನಿ," ಎಂದಳು ಎಸ್ತೇರಮ್ಮ. "ಮತ್ತ ಯಾರದ್ರಿ ಅಜ್ಜಾರ ಕಂಬಳಿ?"

ಗುರುಗಳು ಕಂಬಳಿಯ ಒಂದು ತುದಿಯನ್ನು ಜಯವಂತನ ಹೆಗಲಿಗೆ, ಇನ್ನೊಂದು ತುದಿಯನ್ನು ಹುಲಿಗೆಪ್ಪನ ಹೆಗಲಿಗೆ ಹಾಕಿದರು.

"ತೊಯ್ದವರದು," ಎಂದರು. "ಗಂಜಿ ಕುಡದು ಇಬ್ಬರೂ ಹೊಂಡ್ರಿ."