ಮೂರು ಚುಕ್ಕೆ, ಮೂರು ಸಾಲು

"ತಾಯಿ, ತಿಳಿಯಬೇಕಾದುದೆಲ್ಲ ಕಣ್ಣೆದುರಿಗೇ ಇದೆ ಎನ್ನುತ್ತೀರಿ. ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ನನಗೇಕೆ ಕಾಣುವುದಿಲ್ಲ?"

ಬೆಳಿಗ್ಗೆ ಬಂದವನೇ ಶಿಷ್ಯ ಹೀಗೆ ಕೇಳಿದ. ಗುರುತಾಯಿ ಕೈಯ ಬಿಳಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಕುಳಿತರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೇಡಿಯೊ ರಿಪೇರಿಯವನಿದ್ದ. ಮನೆಯಲ್ಲಿ ಅವನು ಮತ್ತು ಅವನ ತಾಯಿ, ಇಬ್ಬರೇ. ಅವನಿಗೆ ಕೈಕೆಲಸದ ಹುಚ್ಚು. ಮನೆಯ ದೀಪ, ಫ್ಯಾನು, ನೀರಿನ ಮೋಟಾರು ಎಲ್ಲವೂ ಅವನ ಫೋನಿನ ಮಾತು ಕೇಳುತ್ತಿದ್ದವು. ಬಾಗಿಲೂ ಕೇಳಲಿ ಎಂದು ಒಂದು ಯಂತ್ರ ಮಾಡಲು ಹೊರಟ. ಅದಕ್ಕೆ ಏನೋ ಹೆಸರಿದೆ... ಏನೋ ಪ್ಯಾಡು. ಹಾಂ, ಕೀಪ್ಯಾಡು. ಗುಂಡಿಗಳ ಮಣೆ ಎಂದುಕೊ.

ಹಳೆಯ ಟೆಲಿಫೋನಿನ ಗುಂಡಿಗಳನ್ನು ಬಿಚ್ಚಿದ. ಕೊನೆಯ ಸಾಲನ್ನು ಕತ್ತರಿಸಿ ತೆಗೆದ. ಒಂಬತ್ತು ಗುಂಡಿ ಉಳಿದವು. ಅವನ್ನು ಊಟದ ಡಬ್ಬಿಯ ಮುಚ್ಚಳಕ್ಕೆ ಕೂರಿಸಿ, ತಂತಿ ಬೆಸೆದು, ಬಾಗಿಲ ಪಕ್ಕದ ಗೋಡೆಗೆ ಜಡಿದ. ಸರಿಯಾದ ಆರು ಅಂಕಿ ಒತ್ತಿದರೆ ಬೀಗ ತೆರೆಯುತ್ತಿತ್ತು. ಮೂರು ಸಲ ತಪ್ಪಿದರೆ ಸೈರನ್ ಕೂಗುತ್ತಿತ್ತು, ಬಾಗಿಲು ಒಂದು ಗಂಟೆ ತೆರೆಯುತ್ತಿರಲಿಲ್ಲ. ತಿಂಗಳಿಗೊಮ್ಮೆ ಅವನು ಅಂಕಿ ಬದಲಾಯಿಸುತ್ತಿದ್ದ. ತಾನು ಮಾತ್ರ ಫೋನಿನಿಂದಲೇ ಬಾಗಿಲು ತೆರೆಯುತ್ತಿದ್ದ.

ತಾಯಿಗೆ ಓದು ಬಾರದು. ಹಾಡು ಬರುತ್ತಿತ್ತು. ದಿನವೂ ಮಧ್ಯಾಹ್ನ ಬೀದಿಯ ಹೆಂಗಸರನ್ನು ಕೂಡಿಸಿಕೊಂಡು ಸೋಬಾನೆ ಹೇಳುತ್ತಿದ್ದಳು. ಮದುವೆ ಮನೆಯವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಯಂತ್ರ ಬಂದ ಮೇಲೆ ಅವಳು ಹಾಡಿ ಬಂದು ಮೂರು ಸಲ ಬಾಗಿಲ ಹೊರಗೆ ಉಳಿದಳು. ಮೂರು ಸಲವೂ ಸೈರನ್ ಕೂಗಿತು. ಮೂರನೆಯ ಸಲ ಪೊಲೀಸಿನವನೂ ಬಂದು ಕಾಫಿ ಕುಡಿದು ಹೋದ.

ಮಗ ಹೇಳಿದ: "ಅವ್ವ, ಆರೇ ಆರು ಅಂಕಿ. ಅದೂ ನೆನಪಿರಲ್ಲ ಅಂದ್ರೆ ಮನೆಯಲ್ಲೇ ಇದ್ದುಬಿಡು."

ತಾಯಿ ಹಾಡಿಗೆ ಹೋಗುವುದನ್ನು ಬಿಟ್ಟಳು. ನಾಲ್ಕು ದಿನ ಕಿಟಕಿಯಲ್ಲಿ ಕುಳಿತು ಕೇಳಿದಳು. ಅವಳಿಲ್ಲದ ಹಾಡು ಎರಡನೆಯ ಸಾಲಿಗೇ ದಾರಿ ತಪ್ಪುತ್ತಿತ್ತು.

ಐದನೆಯ ದಿನ ಗೋಡೆಯ ಆ ಮಣೆಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಮಗನನ್ನು ಕರೆದಳು. "ಬಾಯಲ್ಲಿ ಹೇಳಬೇಡ. ಒಂದು ಸಲ ಒತ್ತಿ ತೋರಿಸು."

ಮಗ ಫೋನು ನೋಡಿಕೊಂಡು ಒತ್ತಿ ತೋರಿಸಿದ. ಅವಳು ಅವನ ಬೆರಳು ಓಡಾಡಿದ ದಾರಿಯನ್ನು ನೋಡಿದಳು.

ಅಂದಿನಿಂದ ಸೈರನ್ ಕೂಗಲಿಲ್ಲ. ತಾಯಿ ಹಾಡಿಗೆ ಹೋದಳು, ಬಂದಳು. ಪ್ರತಿ ತಿಂಗಳೂ ಅಂಕಿ ಬದಲಾದಾಗ ಮಗ ಒತ್ತುವುದನ್ನು ಒಮ್ಮೆ ಮಾತ್ರ ನೋಡುತ್ತಿದ್ದಳು. ಮಗ ಅಂಗಡಿಗೆ ಬಂದವರಿಗೆಲ್ಲ, "ಅವ್ವನಿಗೆ ಅಂಕಿ ಕಲಿಸಿಬಿಟ್ಟೆ" ಎಂದು ಹೇಳಿಕೊಂಡ.

ಹೀಗಿರುವಾಗ ಒಂದು ಮಧ್ಯಾಹ್ನ ಮಗ ಬೇಗ ಮನೆಗೆ ಬಂದ. ಫೋನಿನ ಚಾರ್ಜು ಮುಗಿದಿತ್ತು. ತಾಯಿ ಹಾಡಿಗೆ ಹೋಗಿದ್ದಳು. ಅವನಿಗೆ ಅಂಕಿ ನೆನಪಿಗೆ ಬರಲಿಲ್ಲ. ಒಂದು ಸಲ ಒತ್ತಿದ, ತಪ್ಪಿತು. ಇನ್ನೊಂದು ಸಲವೂ ತಪ್ಪಿತು. ಮೂರನೆಯದಕ್ಕೆ ಬೆರಳು ಏಳಲಿಲ್ಲ.

ಅಷ್ಟರಲ್ಲಿ ಹಾಡು ಮುಗಿಸಿದ ಹೆಂಗಸರು ಆ ದಾರಿಯಲ್ಲೇ ಬಂದರು. ಒಬ್ಬಳು ಕೇಳಿದಳು: "ಏನಪ್ಪ, ನಿನ್ನ ಮನೆಗೆ ನೀನೇ ಕನ್ನ ಹಾಕ್ತಿದ್ದೀಯಾ?"

ತಾಯಿಯ ಎರಡು ಕೈಯಲ್ಲೂ ತಾಂಬೂಲವಿತ್ತು. "ಒತ್ತೋ" ಎಂದಳು.

"ಮರೆತುಹೋಯಿತು, ಅವ್ವ."

"ಆರೇ ಆರು ಅಂಕಿ ಅಲ್ವೇನೋ? ಕೆಳಗೆ ನೋಡು."

ಅವನು ಕೆಳಗೆ ನೋಡಿದ. ತುಳಿಯಬಾರದೆಂದು ಕಾಲು ಸರಿಸಿ ನಿಂತಿದ್ದನಲ್ಲ, ಆ ರಂಗೋಲಿ ಅಲ್ಲಿತ್ತು. ಮೂರು ಚುಕ್ಕೆ, ಮೂರು ಸಾಲು. ಆರು ಚುಕ್ಕೆಗಳ ಮೇಲೆ ಹಾದ ಒಂದೇ ಎಳೆ. ಶುರುವಾಗುವ ಚುಕ್ಕೆಯ ಮೇಲೆ ಒಂದು ಚಿಟಿಕೆ ಅರಿಶಿನ.

ಅವನು ಎಳೆಯ ದಾರಿ ಹಿಡಿದು ಒತ್ತಿದ. ಬಾಗಿಲು ತೆರೆಯಿತು.

"ಗುಟ್ಟನ್ನು ದಿನಾ ಬೀದಿಯಲ್ಲಿ ಬರೆದಿಟ್ಟಿದ್ದೀಯಲ್ಲ, ಅವ್ವ! ಯಾರಾದರೂ ನೋಡಿದ್ದರೆ?"

"ಹಾಲಿನವನು ದಿನಾ ನೋಡ್ತಾನೆ. ಆ ಪೊಲೀಸಿನವನೂ ಮೊನ್ನೆ ಈ ಕಡೆ ಬಂದಾಗ ನೋಡಿ, ಚೆನ್ನಾಗಿದೆ ಅಂದ. ನೀನು ದಿನಕ್ಕೆ ನಾಲ್ಕು ಸಲ ದಾಟ್ತೀಯ. ಯಾರಿಗೆ ಕಂಡಿದೆ ಹೇಳು?"

ಹೆಂಗಸರು ನಕ್ಕರು. ಮಗನಿಗೂ ನಗು ತಡೆಯಲಾಗಲಿಲ್ಲ. ಆ ತಿಂಗಳಿನಿಂದ ಅಂಕಿ ಬದಲಾಯಿಸುವ ಕೆಲಸ ತಾಯಿಯದಾಯಿತು. ಅವಳು ಮೊದಲು ನೆಲದ ಮೇಲೆ ಎಳೆ ಎಳೆಯುತ್ತಿದ್ದಳು. ಮಗ ಅದನ್ನು ನೋಡಿಕೊಂಡು ಯಂತ್ರಕ್ಕೆ ಕಲಿಸುತ್ತಿದ್ದ.

ಕತೆ ಮುಗಿಯಿತು. ಶಿಷ್ಯನೂ ನಕ್ಕ. "ತಾಯಿ, ಎಂಥ ಮಗ ಅವನು! ಕಾಲ ಬಳಿಯಲ್ಲೇ ಇದ್ದದ್ದು ಕಾಣಲಿಲ್ಲವಲ್ಲ" ಎಂದ.

ಗುರುತಾಯಿ ಕೇಳಿದರು: "ಈ ಬೆಳಿಗ್ಗೆ ನೀನು ದಾಟಿ ಬಂದೆಯಲ್ಲ, ನಾನು ಬಾಗಿಲಲ್ಲಿ ಹಾಕಿದ್ದ ರಂಗೋಲಿ ಯಾವುದು?"