ತಲೆಕೆಳಗಾದ ಮಖಮಲ್ಲಿನ ತೋಳು

ಒಂದಾನೊಂದು ಕಾಲದಲ್ಲಿ, ಅರಮನೇಲೂ ಗೇಣಲ್ಲೇ ಬಟ್ಟೆ ಅಳೀತಿದ್ದ ಕಾಲದಲ್ಲಿ ಕಣೋ ಮಗಾ, ಬಟ್ಟೆ ಹೊಲಿಯೋ ಚಿಪ್ಪಿಗರ ಮನೇಲಿ ಸಾಕಮ್ಮ ಅಂತ ಅತ್ತೆ, ಹೊನ್ನಿ ಅಂತ ಸೊಸೆ ಇದ್ರಂತೆ. ಸಾಕಮ್ಮಂಗೆ ಕಣ್ಣು ಮಂಜಾಗಿತ್ತು, ಆದ್ರೆ ಬಟ್ಟೆಗೆ ಕೆನ್ನೆ ಒತ್ತಿ ಅದರ ಜಾತಕಾನೇ ಹೇಳೋಳಂತೆ. ರಾಜನ ಮಗಳ ಮದುವೆಗೆ ಅರಮನೆಯಿಂದ ಮೂರು ಬಟ್ಟೆ ಬಂತು, ಮೂರೂ ಕೆಂಪು, ಮೂರೂ ಮೆತ್ತಗೆ. ಸಾಕಮ್ಮ ಸವರಿ ನೋಡಿ, ಕುಣಿಕೆ ಕುಣಿಕೆಯಾಗಿರೋದು ನೀರು ಹೀರುತ್ತೆ, ಮೈ ಒರೆಸೋಕಿರ್ಲಿ, ಮೇಲೆ ಗಿಡ್ಡ ಕೂದಲಂಥ ನವಿರಿರೋ ಹತ್ತೀದು ದಿಂಬಿಗೆ, ಜಾರೋ ಈ ರೇಷ್ಮೆ ಮಖಮಲ್ಲು ಕುಪ್ಪಸಕ್ಕೆ ಅಂದ್ಲಂತೆ. ಆಮೇಲೆ, ಇದರ ನವಿರು ಒಂದೇ ಕಡೆ ಮಲಗುತ್ತೆ ಕಣೇ, ಎರಡು ತೋಳೂ ಒಂದೇ ದಿಕ್ಕಿಗಿರ್ಲಿ, ಇಲ್ದಿದ್ರೆ ಬಿಸಿಲಲ್ಲಿ ಬಣ್ಣ ಬೇರೆ ಬೇರೆ ಕಾಣುತ್ತೆ ಅಂತಾನೂ ಹೇಳಿದ್ಲಂತೆ.

ಹೊನ್ನಿ ಕೇಳಿದ್ರೆ ತಾನೆ! ಮೆತ್ತಗಿರೋದೆಲ್ಲ ಒಂದೇ, ಮುದುಕಿಗೆ ಮಾತು ಜಾಸ್ತಿ ಅಂದ್ಕೊಂಡು, ಬಟ್ಟೆ ಉಳಿಸೋ ಆಸೆಗೆ ಒಂದು ತೋಳನ್ನ ತಲೆಕೆಳಗಾಗಿ ಕತ್ತರಿಸಿಬಿಟ್ಲಂತೆ. ಮನೆಯೊಳಗಿನ ಮಬ್ಬಲ್ಲಿ ಗೊತ್ತಾಗ್ಲಿಲ್ಲ. ಮದುವೆ ಹಿಂದಿನ ದಿನ ಹೆಣ್ಣಿಗೆ ಆ ಕುಪ್ಪಸ ತೊಡಿಸಿ ಅಂಗಳದ ಬಿಸಿಲಲ್ಲಿ ಹಸೆಗೆ ಕೂರಿಸಿದ್ರೆ, ಒಂದು ತೋಳು ದಾಸವಾಳ, ಇನ್ನೊಂದು ನೇರಳೆಹಣ್ಣು! ನೆರೆದೋರೆಲ್ಲ ಕಿಸಿಕಿಸಿ ನಗ್ತಾರೆ, ಹೆಣ್ಣು ಅಳ್ತಾಳೆ. ಯಾರೇ ಕತ್ತರಿಸಿದ್ದು ಅಂತ ರಾಣಿ ಗದರಿದ್ಲಂತೆ. ಹೊನ್ನಿ ಬಾಯಿಂದ ಬಂದೇಬಿಡ್ತು, ನಮ್ಮತ್ತೇನೇ, ತಾಯಿ, ಅವರಿಗೆ ಕಣ್ಣು ಕಾಣಲ್ಲ ಅಂತ. ಸಾಕಮ್ಮ ಪಕ್ಕದಲ್ಲೇ ಇದ್ಲು. ಹೌದು ತಾಯಿ, ಇನ್ಮೇಲೆ ಕತ್ತರಿ ಹಿಡಿಯಲ್ಲ ಅಂದು, ತನ್ನ ಕತ್ತರೀನ ಅಲ್ಲೇ ಇಟ್ಟು, ಕೋಲೂರ್ಕೊಂಡು ಹೊರಟ್ಲಂತೆ.

ದಾರೀಲಿ ಹೊನ್ನಿ ತಪ್ಪಾಯ್ತು ಅನ್ನೋಕೆ ಮೂರು ಸಲ ಬಾಯಿ ತೆಗೆದ್ಲಂತೆ. ಬಾವಿ ಹತ್ರ ನೀರು ಬೇಕಾ ಅತ್ತೆ ಅಂದ್ಲು, ಹುಣಸೆಮರದಡಿ ಕೂತ್ಕೊಳ್ತೀರಾ ಅಂದ್ಲು, ಹೊಸ್ತಿಲಲ್ಲಿ ಅಳುವೇ ಬಂತು. ಸಾಕಮ್ಮ ಮೂಲೇಲಿ ಕೂತು ಕತ್ತರಿ ಇಲ್ಲದ ಬರಿಗೈಲೇ ಬಟ್ಟೆ ಕತ್ತರಿಸೋ ಹಂಗೆ ಬೆರಳು ಆಡಿಸ್ತಾ ಇದ್ಲಂತೆ. ಅದನ್ನ ನೋಡಿ ಹೊನ್ನಿಗೆ ನಾಚಿಕೆ ಅಂದ್ರೆ ನಾಚಿಕೆ, ಭೂಮಿ ಬಾಯಿಬಿಡಬಾರದಾ ಅನ್ನಿಸ್ತಂತೆ.

ಎದ್ದೆನೋ ಬಿದ್ದೆನೋ ಅಂತ ಅರಮನೆಗೆ ಓಡಿ, ಎಲ್ಲರ ಎದುರಿಗೇ, ತಪ್ಪು ನಂದು ತಾಯಿ, ಅತ್ತೆ ಹೇಳಿದ್ರು, ನಾನು ಕೇಳ್ಲಿಲ್ಲ, ಸುಳ್ಳೂ ಹೇಳ್ದೆ ಅಂದ್ಲಂತೆ. ನಕ್ಕಿದ್ದೋರೆಲ್ಲ ಈಗ ಥೂ ಅಂದ್ರಂತೆ. ಅವಳು ತಲೆ ತಗ್ಗಿಸ್ಕೊಂಡು ಅನ್ನಿಸ್ಕೊಂಡ್ಲು. ಆಮೇಲೆ ರಾಣಿ ಕತ್ತರಿ ತರಿಸಿ, ತಗೊಂಡ್ಹೋಗಿ ಅತ್ತೆ ಕೈಗೆ ಕೊಡು, ನಾಳೆ ಧಾರೆ ಹೊತ್ತಿಗೆ ತೋಳು ಸರಿಯಾಗಿರ್ಲಿ ಅಂದ್ಲಂತೆ.

ಹೊನ್ನಿ ಮನೆಗೆ ಬಂದು ಕತ್ತರಿ ಕೊಟ್ಟಾಗ ಸಾಕಮ್ಮ ಬೈಲಿಲ್ಲ. ಸೊಸೆ ಉಳಿಸಿಟ್ಟಿದ್ದ ಮಖಮಲ್ಲನ್ನೇ ತಂದು ಅವಳ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚು, ನವಿರು ಯಾವ ಕಡೆ ಮಲಗಿದೆ ಹೇಳು ಅಂದ್ಲಂತೆ. ಹೊನ್ನಿ ಬಿಕ್ಕುತ್ತಾ, ಕೆಳಗಡೆಗೆ ಅತ್ತೆ ಅಂದ್ಲಂತೆ. ಹಂಗಾದ್ರೆ ನೀನೇ ಕತ್ತರಿಸು ಅಂತ ಕತ್ತರಿ ಅವಳ ಕೈಗೇ ಕೊಟ್ಲಂತೆ.

ಧಾರೆ ಹೊತ್ತಿಗೆ ಎರಡು ತೋಳೂ ದಾಸವಾಳ. ಅತ್ತೆ ಸೊಸೆ ಅಕ್ಕಪಕ್ಕ ಕೂತು ಹೋಳಿಗೆ ಊಟ ಮಾಡಿ ಸುಖವಾಗಿದ್ರಂತೆ. ಕತೆ ಮುಗೀತು, ದುಪ್ಪಟಿ ಹೊದ್ಕೊಂಡು ಮಲ್ಕೋ ಮಗಾ.