ಮರಕುಟಿಗ ಗಟ್ಟಿಮರ ಬಿಟ್ಟು ಹಾರುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ದಾರಿಯಲ್ಲಿ ಬೀಸಬೇಕೆಂದು ಗಾಳಿಗೇ ಗೊತ್ತಿರಲಿಲ್ಲ. ಆಗ ಮರಕುಟಿಗ ಮರ ಕುಟ್ಟುತ್ತಿರಲಿಲ್ಲ ಮಗಾ. ಹಾಗಾಗಿ ಅದಕ್ಕೆ ಆ ಹೆಸರೂ ಇರಲಿಲ್ಲ, ಎಲ್ಲರೂ ಕೆಂಪುತಲೆ ಅನ್ನುತ್ತಿದ್ದರು. ಹಣ್ಣು ತಿನ್ನೋದು, ಕಂಡವರ ಸುದ್ದಿ ಆಡೋದು, ಇಷ್ಟೇ ಅದರ ಕೆಲಸ.

ಒಂದು ಬೆಟ್ಟದ ನೆತ್ತಿಯ ಊರಲ್ಲಿ ಜಡೆಯಜ್ಜ ಅಂತ ಒಬ್ಬ ಬಡಗಿ. ಮರದ ದಿಮ್ಮಿಯ ಹೊಟ್ಟೆ ಕೊರೆದು ಡೋಲು ಮಾಡುವುದು ಅವನೊಬ್ಬನಿಗೇ ಗೊತ್ತು. ಕಡಿಯುವ ಮೊದಲು ಮರವನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದ. ಗಟ್ಟಿಮರ 'ಠಣ್' ಅನ್ನುತ್ತದೆ, ಹುಳ ಹಿಡಿದ ಮರ 'ಡಬ್' ಅನ್ನುತ್ತದೆ. ಹಾಗೆ ಕೇಳದೆ ಅವನು ಕೊಡಲಿ ಎತ್ತಿದವನೇ ಅಲ್ಲ.

ಬರಬರುತ್ತಾ ಅಜ್ಜನ ಕಿವಿ ಮಂದವಾಯಿತು. ಯಾರಿಗೂ ಹೇಳಲಿಲ್ಲ, ಹಟಮಾರಿ ನೋಡು. ಹೆಂಡತಿ ಕೇತಜ್ಜಿ "ಉಣ್ಣಕ್ಕೆ ಬಾರಯ್ಯ" ಅಂದರೆ "ಹೂಂ, ಮೋಡ ಕಟ್ಟಿದೆ" ಅನ್ನುತ್ತಿದ್ದ.

ಊರಿನ ಹಳೇ ಡೋಲು ಒಡೆದ ವರ್ಷ, ಹೊಸದಕ್ಕೆಂದು ಅಜ್ಜ ಒಂದು ದೊಡ್ಡ ಹಲಸಿನ ಮರ ತಟ್ಟಿದ. ಏನೂ ಕೇಳಿಸಲಿಲ್ಲ. ಆದರೂ "ಠಣ್ ಅಂತು ಬಿಡು" ಎಂದು ತನಗೆ ತಾನೇ ಹೇಳಿಕೊಂಡು ಕಡಿದೇಬಿಟ್ಟ. ಸೀಳಿ ನೋಡಿದರೆ ಒಳಗೆಲ್ಲ ಹುಳ.

ಅಜ್ಜ ದಿಮ್ಮಿಯ ಮೇಲೆ ಕೂತು ಅತ್ತ. "ಸುಮ್ಮನೆ ಒಂದು ಮರ ಕೊಂದೆ. ಇನ್ನು ಈ ಡೋಲಿನ ಕೆಲಸ ನನ್ನ ಜೊತೆಗೇ ಮಣ್ಣಾಗುತ್ತೆ" ಅಂದ.

ಕೆಂಪುತಲೆ ಹಾರಿಬಂದು ಒಂದು ಹುಳ ಬಾಯಿಗೆ ಹಾಕಿಕೊಂಡಿತು. ಅಬ್ಬ, ಎಂಥ ರುಚಿ! ಅಜ್ಜನ ಹೆಗಲೇರಿ ಕಿವಿಯೊಳಗೇ ಕೂಗಿತು: "ಅಳಬೇಡ ಅಜ್ಜ. ಮರದ ದನಿ ಕೇಳೋದು ನನಗೆ ಕಲಿಸು. ಹುಳದ ಮರ ನನಗಿರಲಿ, ಗಟ್ಟಿಮರ ನಿನಗೆ."

"ನೀನಾ, ವಾಚಾಳಿ?" ಅಜ್ಜನಿಗೆ ಅಳುವಿನಲ್ಲೂ ನಗು ಬಂತು. "ಕುಟ್ಟೋಕೆ ಯಾರಿಗಾದರೂ ಬರುತ್ತೆ ಕಣೋ. ಕುಟ್ಟಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು."

ಅದೇ ಕಷ್ಟವಾಗಿದ್ದು. ಕೆಂಪುತಲೆ ಕುಟ್ಟುತ್ತಿತ್ತು, ಮಾತಾಡುತ್ತಿತ್ತು, ಬೈಸಿಕೊಳ್ಳುತ್ತಿತ್ತು. ಮತ್ತೆ ಕುಟ್ಟುತ್ತಿತ್ತು, ಮತ್ತೆ ಬೈಸಿಕೊಳ್ಳುತ್ತಿತ್ತು. ಕೊನೆಗೊಂದು ದಿನ ಕುಟ್ಟಿ, ತಲೆ ಓರೆ ಮಾಡಿ ತೆಪ್ಪಗೆ ನಿಂತಿತು. ಮರ ಠಣ್ ಅಂತು. ಹಕ್ಕಿ ಅಲ್ಲಿ ಕೊರೆಯಲಿಲ್ಲ, ಹಾರಿಬಂದು ಅಜ್ಜನಿಗೆ ಹೇಳಿತು.

ಆ ಸುಗ್ಗಿಗೆ ಹೊಸ ಡೋಲು ಬಂತು. ಅಜ್ಜನಿಗೆ ಅದರ ದನಿ ಕೇಳಿಸಲಿಲ್ಲ ಮಗಾ. ಡೋಲನ್ನು ಹೊಟ್ಟೆಗೆ ಆನಿಸಿ ಬಾರಿಸುತ್ತಾ, ಕೇತಜ್ಜಿ ಕುಣಿಯುವುದನ್ನು ನೋಡಿ ಬಾಯ್ತುಂಬ ನಕ್ಕ.

ಅಜ್ಜ ಹೋದ ಮೇಲೆ ಊರಿನ ಹುಡುಗರು ಆ ಹಕ್ಕಿಯ ಹಿಂದೆ ಅಲೆದು ಅಲೆದು ಮರದ ಗುಣ ಕಲಿತರು. ಹಕ್ಕಿಯೂ ಕೊಟ್ಟ ಮಾತು ಮರೆಯಲಿಲ್ಲ. ಇವತ್ತಿಗೂ ಮರಕುಟಿಗ ಟಕಟಕ ಕುಟ್ಟಿ, ನಿಂತು, ತಲೆ ಓರೆ ಮಾಡಿ ಕೇಳುತ್ತದೆ; ಹುಳವಿದ್ದರೆ ಕೊರೆಯುತ್ತದೆ, ಮರ ಗಟ್ಟಿಯಿದ್ದರೆ ಅಜ್ಜನ ಡೋಲಿಗಿರಲಿ ಅಂತ ಬಿಟ್ಟು ಹಾರಿಹೋಗುತ್ತದೆ.